ಮೂರು ಮಳೆಗಾಲ ಕಂಡ ಎಸ್‌ಯುವಿ

ಶಿವಮೊಗ್ಗದಲ್ಲಿ ಸೆಕೆಂಡ್‌ಹ್ಯಾಂಡ್ ಎಸ್‌ಯುವಿ ನೋಡಲು ಹೋದವರು ಮೊದಲು ಕೇಳುವುದು ‘ಎಷ್ಟು ಓಡಿದೆ?’ ಅಂತ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಗಾಡಿಯಾದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಎರಡಿವೆ: ಎಷ್ಟು ಮಳೆಗಾಲ ಕಂಡಿದೆ, ರಾತ್ರಿ ಎಲ್ಲಿ ನಿಲ್ಲುತ್ತದೆ. ಮೂರು ಮಳೆಗಾಲ ಅಂಗಳದಲ್ಲೇ ನೆಂದು 30,000 ಕಿ.ಮೀ. ಓಡಿದ ಗಾಡಿಗಿಂತ, ಹೆದ್ದಾರಿಯಲ್ಲಿ 90,000 ಓಡಿ ಶೆಡ್ಡಿನಲ್ಲಿ ಮಲಗಿದ ಗಾಡಿ ಗಟ್ಟಿಯಾಗಿರುವುದುಂಟು.

ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾ, ಎಲಿವೇಟ್, ಹ್ಯಾರಿಯರ್ ಹೀಗೆ ಈ ಅಳತೆಯ ಯಾವ ಗಾಡಿಯೇ ಇರಲಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಎಂಜಿನ್ ಬಿಚ್ಚುವ ಸಂದರ್ಭ ಅಪರೂಪ. ನಮ್ಮ ಕಡೆ ದುಡ್ಡು ಹೋಗುವುದು ಅದರ ಸುತ್ತಮುತ್ತಲಿನದ್ದಕ್ಕೆ: ವೈರಿಂಗ್, ಬ್ರೇಕು, ಬುಷ್, ಬೇರಿಂಗ್, ಡೀಸೆಲ್ ಆದರೆ ಹೊಗೆಯ ಫಿಲ್ಟರ್. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಗಾಡಿಯ ಕೈಪಿಡಿಯನ್ನು ಹಿಂದಿನ ಪುಟಗಳವರೆಗೆ ತಿರುವಿ ಹಾಕಿದರೆ ‘ಕಠಿಣ ಬಳಕೆ’ಗೆಂದೇ ಬೇರೆ ಸರ್ವಿಸ್ ಪಟ್ಟಿ ಸಿಗುತ್ತದೆ. ಸಣ್ಣ ದೂರದ ಓಡಾಟ, ಕೆಸರು, ಗುಡ್ಡದ ರಸ್ತೆ ಎಲ್ಲವೂ ಅದರಲ್ಲಿ ಬರುತ್ತವೆ. ಮಲೆನಾಡಿನ ಬಹುಪಾಲು ಗಾಡಿಗಳು ಸೇರಬೇಕಾದ್ದು ಆ ಪಟ್ಟಿಗೆ. ಸರ್ವಿಸ್‌ಗೆ ಬಿಡುವಾಗ ಇದನ್ನು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಮಾಮೂಲಿ ಪಟ್ಟಿಯ ಪ್ರಕಾರವೇ ಕೆಲಸ ನಡೆಯುತ್ತದೆ.

ಡೀಸೆಲ್ ಮಾತು ಮೊದಲು ಮುಗಿಸುತ್ತೇನೆ, ಹೆಚ್ಚು ಜನ ಪೇಚಿಗೆ ಸಿಕ್ಕುವುದು ಇಲ್ಲೇ. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ಈ ವರ್ಗದ ಡೀಸೆಲ್ ಗಾಡಿಗಳ ಸೈಲೆನ್ಸರ್ ಹಾದಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತುಂಬುತ್ತಾ ಬಂದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ 15–20 ನಿಮಿಷ ಬಿಡದೆ ಓಡುವ ರಸ್ತೆ ಬೇಕು. ಮನೆಯಿಂದ ಡೈರಿಗೆ, ಸೊಸೈಟಿಗೆ, ಮಕ್ಕಳ ಶಾಲೆಗೆ ಅಂತ ನಾಲ್ಕೈದು ಕಿ.ಮೀ. ಎರಡನೇ, ಮೂರನೇ ಗೇರಿನಲ್ಲಿ ಓಡಿ ನಿಲ್ಲುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಸುಡುವ ಕೆಲಸ ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ, ಮಾರನೇ ದಿನ ಮತ್ತೆ ಶುರುವಾಗಿ ಮತ್ತೆ ನಿಲ್ಲುತ್ತದೆ. ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ.

ಆದ್ದರಿಂದ ಡೀಸೆಲ್ ಇಟ್ಟವರು ಡಿಪ್‌ಸ್ಟಿಕ್ಕನ್ನು ಆಯಿಲ್ ಕಡಿಮೆಯಾಯಿತೇ ಅಂತ ನೋಡಿದರೆ ಸಾಲದು, ಹೆಚ್ಚಾಯಿತೇ ಅಂತಲೂ ನೋಡಬೇಕು. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮ ನೆಲದಲ್ಲಿ ನೋಡಿ. ಮಟ್ಟ ಮೇಲಿನ ಗುರುತು ದಾಟಿದ್ದರೆ, ಬೆರಳಿಗೆ ಹಚ್ಚಿದಾಗ ನೀರಾಗಿ ಡೀಸೆಲ್ ವಾಸನೆ ಬಂದರೆ, ಆ ಆಯಿಲ್ ಬದಲಿಸಲೇಬೇಕು, ಎಷ್ಟೇ ಕಡಿಮೆ ಓಡಿರಲಿ. ತೆಳುವಾದ ಆಯಿಲ್ ಟರ್ಬೋ ಬೇರಿಂಗನ್ನು ಮೊದಲು ತಿನ್ನುತ್ತದೆ. ಕೈಪಿಡಿ 10,000 ಕಿ.ಮೀ. ಅಂದರೆ ಸಣ್ಣ ಓಡಾಟದ ಗಾಡಿಗೆ 5,000–6,000 ಅಂತ ಇಟ್ಟುಕೊಳ್ಳುವುದು ಕ್ಷೇಮ. ಹಾಕುವ ಆಯಿಲ್ ಕಡಿಮೆ ಬೂದಿಯ ದರ್ಜೆಯದಾಗಿರಬೇಕು. ಡಬ್ಬಿಯ ಮೇಲೆ ಎಸಿಇಎ ಸಿ2 ಅಥವಾ ಸಿ3 ಎಂದಿರುತ್ತದೆ, ನಿಮ್ಮ ಗಾಡಿಗೆ ಯಾವುದು ಅನ್ನುವುದು ಕೈಪಿಡಿಯಲ್ಲಿದೆ. ಮಸಿ ಸುಟ್ಟುಹೋಗುತ್ತದೆ, ಆದರೆ ಆಯಿಲ್‌ನಿಂದ ಬಂದ ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲೇ ಉಳಿದುಬಿಡುತ್ತದೆ.

ಸುಡುವ ಕೆಲಸ ನಡೆಯುತ್ತಿದೆ ಅನ್ನುವುದಕ್ಕೆ ಗುರುತುಗಳಿವೆ. ನಿಂತಾಗ ಎಂಜಿನ್ ವೇಗ ಎಂದಿಗಿಂತ ನೂರಿನ್ನೂರು ಸುತ್ತು ಹೆಚ್ಚಿರುತ್ತದೆ, ರೇಡಿಯೇಟರ್ ಫ್ಯಾನು ಜೋರಾಗಿ ತಿರುಗುತ್ತದೆ, ಮೈಲೇಜ್ ಮೀಟರ್ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಬಿಸಿಯ ಘಾಟು ಬರುತ್ತದೆ. ಆಗ ಕೀ ತೆಗೆಯಬೇಡಿ, ಇನ್ನೊಂದು ಸುತ್ತು ಹೋಗಿಬನ್ನಿ. ವಾರಕ್ಕೊಮ್ಮೆ ಅರ್ಧ ಗಂಟೆ ಆಯನೂರು–ಆನಂದಪುರದ ಕಡೆಯೋ, ಗಾಜನೂರು–ಮಂಡಗದ್ದೆಯ ಕಡೆಯೋ 2,000 ಆರ್‌ಪಿಎಂ ಆಸುಪಾಸಿನಲ್ಲಿ ಒಂದೇ ಸಮ ಓಡಿಸಿದರೆ ಸಾಕು. ಮೀಟರಿನಲ್ಲಿ ಡಿಪಿಎಫ್ ದೀಪ ಹೊತ್ತಿದ್ದು ಆರದಿದ್ದರೆ ಸ್ಕ್ಯಾನರ್ ಹಾಕಿ ಬಲವಂತವಾಗಿ ಸುಡಿಸಬೇಕು. ಅದಾದ ಮೇಲೆ ಆಯಿಲ್ ಬದಲಿಸುವುದನ್ನು ಮರೆಯಬೇಡಿ. ಇನ್ನೊಂದು ಎಚ್ಚರ: ಆ ಹೊತ್ತಿನಲ್ಲಿ ಗಾಡಿಯ ಹೊಟ್ಟೆ ಕೆಂಡವಾಗಿರುತ್ತದೆ. ಒಣ ಹುಲ್ಲು, ತರಗೆಲೆ, ಅಡಿಕೆ ಸಿಪ್ಪೆಯ ರಾಶಿಯ ಮೇಲೆ ನಿಲ್ಲಿಸಲೇಬಾರದು. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ದಾಟದ, ದೂರದ ಓಡಾಟವಿಲ್ಲದ ಮನೆಗೆ ಪೆಟ್ರೋಲೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಡೀಸೆಲ್ಲಿನ ಎಳೆತ ಎಷ್ಟೇ ಚೆನ್ನಾಗಿದ್ದರೂ.

ಇನ್ನು ತೋಟದ ಮನೆಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ. ಮುಂಗಾರಿಗೆ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲ ಬರುವುದು ಇದೇ ಗಾಡಿಯ ಡಿಕ್ಕಿಯಲ್ಲಿ. ಸುಣ್ಣ ಸಾಲದ ಬೋರ್ಡೋದಲ್ಲಿ ಕತ್ತಿ ಅದ್ದಿದರೆ ತಾಮ್ರದ ಕೆಂಪು ಹತ್ತುತ್ತದೆ ಎಂಬುದು ಎಲ್ಲ ತೋಟಗಾರರಿಗೂ ಗೊತ್ತು. ತಾಮ್ರ ಹತ್ತುವಾಗ ಅಷ್ಟೇ ಕಬ್ಬಿಣ ಕರಗಿಹೋಗುತ್ತದೆ. ಚೀಲದಿಂದ ಉದುರಿದ ಒಂದು ಹಿಡಿ ಪುಡಿ ಡಿಕ್ಕಿಯ ಕಾರ್ಪೆಟ್ ಸಂದಿನಿಂದ ಇಳಿದು ಸ್ಟೆಪ್ನಿ ಗುಂಡಿ ಸೇರಿ, ಮಳೆಗಾಲದ ತೇವ ಹೀರಿಕೊಂಡರೆ, ಗೀರು ಬಿದ್ದಲ್ಲೆಲ್ಲ ಇದೇ ನಡೆಯುತ್ತದೆ. ಪೊಟ್ಯಾಷ್ ಗೊಬ್ಬರವೂ ಕಡಿಮೆಯಿಲ್ಲ. ಅದು ಕ್ಲೋರೈಡ್ ಉಪ್ಪು, ಕಡಲತೀರದ ಗಾಳಿಯಷ್ಟೇ ತುಕ್ಕು ಹಿಡಿಸುತ್ತದೆ. ಅಂಚು ಎತ್ತರವಿರುವ ಪ್ಲಾಸ್ಟಿಕ್ ಟ್ರೇ ಅಥವಾ ದಪ್ಪ ಟಾರ್ಪಾಲು ಹಾಸಿ, ನಾಲ್ಕೂ ಕಡೆ ಮೇಲಕ್ಕೆ ಮಡಚಿ, ಅದರ ಮೇಲೆ ಚೀಲ ಇಡಿ. ಕೆಲಸ ಮುಗಿದ ದಿನವೇ ಸ್ಟೆಪ್ನಿ ಎತ್ತಿ ಗುಂಡಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ ಒಣಗಿಸಿ. ಹಳೆ ಗಾಡಿ ಕೊಳ್ಳುವವರು ನೋಡಬೇಕಾದ ಮೊದಲ ಜಾಗವೂ ಇದೇ. ಅಲ್ಲಿ ನೀಲಿ–ಹಸಿರು ಕಲೆ, ಉಬ್ಬಿದ ಪೇಂಟು ಕಂಡರೆ ಬೆಲೆ ಇಳಿಸಿ, ಇಲ್ಲವೇ ಬಿಟ್ಟುಬಿಡಿ.

ಒಳಗೆ ನೀರು ಬರುವುದು ಎಡಗಡೆ ಕಾಲಿಡುವ ಜಾಗದಲ್ಲಿ ಹೆಚ್ಚು ಕಾಣುತ್ತದೆ. ಎಲ್ಲಿಂದ ಬಂತು ಅಂತ ಹುಡುಕಲು ಒಂದು ಸರಳ ಲೆಕ್ಕವಿದೆ. ಮಳೆಯಿಲ್ಲದ ದಿನ ಎಸಿ ಹಾಕಿ ಓಡಿಸಿದ ಮೇಲೆ ಒದ್ದೆಯಾದರೆ ಎಸಿ ನೀರು ಹೊರಹೋಗುವ ಪೈಪು ಕಟ್ಟಿದೆ. ರಾತ್ರಿ ಮಳೆಯಲ್ಲಿ ನಿಂತು ಬೆಳಿಗ್ಗೆ ಒದ್ದೆಯಾದರೆ ಮುಂಗಾಜಿನ ಬುಡದ ಜಾಲರಿ ಅಥವಾ ಸನ್‌ರೂಫ್. ಅಂಟಂಟಾಗಿ ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ತಡಮಾಡದೆ ಗ್ಯಾರೇಜಿಗೆ ಒಯ್ಯಬೇಕು.

ಸನ್‌ರೂಫ್ ಅಂದರೆ ಸೂರಿನ ಹಾಗೆ ಪೂರ್ತಿ ನೀರು ತಡೆಯುವ ಮುಚ್ಚಳ ಎಂದೇ ಹಲವರು ತಿಳಿದಿದ್ದಾರೆ. ರಬ್ಬರಿನ ಸುತ್ತ ಸ್ವಲ್ಪ ನೀರು ಒಳಗಿನ ಕಾಲುವೆಗೆ ಇಳಿಯುವುದು ಸಹಜ. ಅಲ್ಲಿಂದ ಮೂಲೆಗಳ ಸಣ್ಣ ಪೈಪುಗಳಲ್ಲಿ ಕೆಳಗೆ ಹೋಗಬೇಕು. ಮರದಡಿ ನಿಲ್ಲುವ ಗಾಡಿಯಲ್ಲಿ ಹೂವು, ಎಲೆಯ ಪುಡಿ, ಪಾಚಿ ಸೇರಿ ಆ ಪೈಪು ಕಟ್ಟುತ್ತದೆ, ನೀರು ರೂಫ್ ಬಟ್ಟೆಗೆ ತಿರುಗುತ್ತದೆ. ಪರೀಕ್ಷೆ ಹೀಗೆ: ಸನ್‌ರೂಫ್ ತೆಗೆದು ಒಂದು ಮೂಲೆಗೆ ಅರ್ಧ ಲೋಟ ನೀರು ನಿಧಾನವಾಗಿ ಬಿಡಿ. ಸ್ವಲ್ಪ ಹೊತ್ತಿನಲ್ಲೇ ಗಾಡಿಯ ಅಡಿಯಿಂದ ಧಾರಾಳವಾಗಿ ಸುರಿಯಬೇಕು. ಕಂಪ್ರೆಸರ್ ಗಾಳಿ ಊದಿಸಬೇಡಿ, ಪೈಪು ಜೋಡಣೆಯಿಂದ ಕಳಚಿಕೊಂಡರೆ ರೂಫ್ ಪೂರ್ತಿ ಬಿಚ್ಚಬೇಕಾಗುತ್ತದೆ. ಹುಲ್ಲು ಹೊಡೆಯುವ ಯಂತ್ರದ 2 ಮಿ.ಮೀ. ನೈಲಾನ್ ದಾರ ಇದಕ್ಕೆ ಹೇಳಿಮಾಡಿಸಿದ ಹಾಗಿದೆ. ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿಕೊಂಡು ಮೆಲ್ಲಗೆ ತಿರುಗಿಸುತ್ತಾ ಇಳಿಸಿ. ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ಪುಷ್ಯ ಮಳೆಯ ಹೊತ್ತಿಗೆ ಇನ್ನೊಮ್ಮೆ ಮಾಡಿದರೆ ಸಾಕು. ಅದೇ ದಿನ ಬಾಗಿಲುಗಳ ಕೆಳಅಂಚಿನ ತೂತುಗಳನ್ನೂ ಕಡ್ಡಿ ಹಾಕಿ ಬಿಡಿಸಿ. ಬಾಗಿಲು ಅಲ್ಲಾಡಿಸಿದಾಗ ಒಳಗೆ ನೀರು ಗುಳುಗುಳು ಅಂದರೆ ಅಲ್ಲಿ ಕೊಳೆಯಲು ಶುರುವಾಗಿದೆ ಅಂತಲೇ ಅರ್ಥ.

ಬೂಷ್ಟಿಗೆ ಔಷಧಿ ಒಂದೇ, ಒಣಗಿಸುವುದು. ಮನೆ ತಲುಪಲು ಐದು ನಿಮಿಷ ಇದ್ದಾಗ ಎಸಿ ಆರಿಸಿ ಫ್ಯಾನು ಮಾತ್ರ ಓಡಿಸಿ. ರಬ್ಬರ್ ಮ್ಯಾಟಿನ ಅಡಿಯ ಕಾರ್ಪೆಟ್ ಮುಟ್ಟಿ ನೋಡಿ. ಕ್ಯಾಬಿನ್ ಫಿಲ್ಟರ್ ಮಳೆ ಮುಗಿದ ಕೂಡಲೇ ಬದಲಿಸಿ.

ಬ್ರೇಕಿನ ಬಗ್ಗೆ ಯಾರೂ ಉದಾಸೀನ ಮಾಡಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೇವ ಸೇರಿದ ಮೇಲೆ ಮಾನದಂಡದ ಈ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ತುಂಬಿದ ಗಾಡಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಆಯಿಲ್ ಕುದಿದು, ಗುಳ್ಳೆ ಎದ್ದು, ಪೆಡಲು ಒಳಕ್ಕೆ ಕುಸಿಯುತ್ತದೆ. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಬೇಕು ಅನ್ನುವ ಹಳೆಯ ಡ್ರೈವರುಗಳ ಮಾತು ಇವತ್ತಿಗೂ ನಿಜ. ಆಟೋಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್ ಅಥವಾ ಎಲ್ ಬಳಸಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಕಡ್ಡಾಯ. ಪೆನ್ನಿನಂತಹ ಟೆಸ್ಟರ್‌ನಲ್ಲಿ ತೇವ ಶೇ 3 ದಾಟಿದ್ದು ಕಂಡರೆ ಅದಕ್ಕೂ ಮೊದಲೇ ಬದಲಿಸಿ.

ಮಳೆಗಾಲ ಮುಗಿದಾಗ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಗುರುತು ಏನೆಂದರೆ ಒಂದೇ ಚಕ್ರದ ಡಿಸ್ಕ್ ಹೆಚ್ಚು ಬಿಸಿ, ಒಳಗಿನ ಪ್ಯಾಡು ಸವೆದು ಹೊರಗಿನದ್ದು ಹಾಗೇ ಇರುವುದು. ಪಿನ್ನು ಬಿಚ್ಚಿ, ಉಜ್ಜಿ, ಬ್ರೇಕಿಗೆಂದೇ ಇರುವ ಸಿಲಿಕಾನ್ ಗ್ರೀಸ್ ಹಚ್ಚಿಸಿ. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಇನ್ನೂ ಬಿಗಿಯುತ್ತದೆ. ಎರಡು ಮೂರು ದಿನ ಗಾಡಿ ತೆಗೆಯುವುದಿಲ್ಲವಾದರೆ, ಸಮ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ.

ಗುಂಡಿ ರಸ್ತೆಯ ಪೆಟ್ಟು ಕಿವಿಗೇ ಗೊತ್ತಾಗುತ್ತದೆ. ನಿಧಾನ ಹೋಗುವಾಗ ಸಣ್ಣ ಉಬ್ಬುತಗ್ಗಿಗೆ ಟಕ್ ಟಕ್ ಅಂದರೆ ಲಿಂಕ್ ರಾಡ್. ಎರಡೂ ಕಡೆಯದ್ದು ಒಟ್ಟಿಗೇ ಬದಲಿಸಿ. ಬ್ರೇಕ್ ಹಾಕಿದಾಗ ಒಮ್ಮೆ ಢಬ್ ಅಂದರೆ ಲೋಯರ್ ಆರ್ಮ್ ಬುಷ್. ವೇಗ ಏರಿದಂತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗಿನದ್ದು. ಬಲಕ್ಕೆ ತಿರುಗುವಾಗ ಹೆಚ್ಚಾದರೆ ಹೆಚ್ಚಾಗಿ ಎಡಗಡೆಯದ್ದು, ಭಾರ ಅತ್ತ ಬೀಳುವುದರಿಂದ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಅಂದರೆ ಆಕ್ಸಲ್ ಜಾಯಿಂಟ್. ಅದು ಹಾಳಾಗುವ ಎಷ್ಟೋ ತಿಂಗಳ ಮೊದಲೇ ಅದರ ರಬ್ಬರ್ ಬೂಟು ಹರಿದಿರುತ್ತದೆ, ಚಕ್ರದ ಒಳಮೈಗೆ ಗ್ರೀಸ್ ಸಿಡಿದಿರುತ್ತದೆ. ಆಗಲೇ ನೋಡಿಕೊಂಡರೆ ಬೂಟು ಮತ್ತು ಗ್ರೀಸಿನ ಖರ್ಚಿನಲ್ಲಿ ಮುಗಿಯುತ್ತದೆ. ಬಿಟ್ಟರೆ ಕೆಂಪು ಕೆಸರು ಒಳಗೆ ಸೇರಿ ಇಡೀ ಆಕ್ಸಲ್ ಹೋಗುತ್ತದೆ. 18 ಇಂಚಿನ ಚಕ್ರ ನೋಡಲು ಚಂದ, ಆದರೆ ನಮ್ಮ ರಸ್ತೆಗೆ 17 ಅಥವಾ 16 ಇಂಚಿನ ಮಾದರಿಯೇ ಬಾಳಿಕೆ. ಟಯರಿನ ಗೋಡೆ ದಪ್ಪವಿದ್ದಷ್ಟೂ ಅಲಾಯ್ ಬಾಗುವುದು ಕಡಿಮೆ. ಕಾನೂನಿನ ಮಿತಿ 1.6 ಮಿ.ಮೀ. ಇದ್ದರೂ ಟಯರಿನ ಹಲ್ಲು 3 ಮಿ.ಮೀ.ಗೆ ಬಂದಾಗಲೇ, ಮೇ ತಿಂಗಳಲ್ಲೇ, ಬದಲಿಸಿ.

ಆಟೋಮ್ಯಾಟಿಕ್ ಕೊಳ್ಳುವವರು ಯಾವ ಬಗೆಯದ್ದು ಎಂದು ಕೇಳಿಯೇ ಕೊಳ್ಳಬೇಕು. ಒಣ ಕ್ಲಚ್ಚಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಹೆದ್ದಾರಿಯಲ್ಲಿ ಬಹಳ ಚೆನ್ನಾಗಿರುತ್ತದೆ. ಘಾಟಿಯ ತಿರುವಿನಲ್ಲಿ ಬಸ್ಸಿನ ಹಿಂದೆ ಇಂಚಿಂಚಾಗಿ ಹತ್ತುವಾಗ ಅದರ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಬಿಸಿಯೇರುತ್ತದೆ. ಮುಂದಿನ ಗಾಡಿ ಹತ್ತು ಹದಿನೈದು ಮೀಟರ್ ಹೋಗುವವರೆಗೆ ಬ್ರೇಕಿನಲ್ಲಿ ನಿಂತು, ಆಮೇಲೆ ಒಂದೇ ಬೀಸಿಗೆ ಹೊರಡಿ. ಆಕ್ಸಿಲರೇಟರ್ ಮೇಲೆ ಗಾಡಿಯನ್ನು ಏರಿನಲ್ಲಿ ಹಿಡಿದು ನಿಲ್ಲಿಸಬೇಡಿ. ಮನೆ ದಾರಿಯೇ ಕಡಿದಾದ ಏರಾಗಿದ್ದರೆ, ಕ್ಲಚ್ಚಿನ ಬದಲು ಆಯಿಲ್ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದನ್ನೇ ಆರಿಸಿ.

ಹೊಳೆ ಉಕ್ಕಿದಾಗ ಗಾಡಿ ಎತ್ತರವಿದೆ ಅಂತ ಇಳಿಸುವವರಿಗೆ ಒಂದು ಮಾತು. ನೆಲದಿಂದ 200 ಮಿ.ಮೀ. ಅನ್ನುವುದು ಹೊಟ್ಟೆಯ ಎತ್ತರ, ದಾಟಬಹುದಾದ ನೀರಿನ ಆಳವಲ್ಲ. ಎಂಜಿನ್ ಉಸಿರಾಡುವ ಬಾಯಿ ಮುಂದಿನ ಗ್ರಿಲ್ಲಿನ ಹಿಂದಿದೆ, ಎದುರು ಬರುವ ಲಾರಿ ಎಬ್ಬಿಸಿದ ಒಂದು ಅಲೆ ಸಾಕು. ನೀರಿನಲ್ಲಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಸಿಲಿಂಡರಿಗೆ ಹೊಕ್ಕ ನೀರನ್ನು ಒತ್ತಿ ಕುಗ್ಗಿಸಲಾಗದೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕೊನೆಗೆ ಇಲಿ. ಮಳೆ ಹಿಡಿದಾಗ ಅದಕ್ಕೆ ಬೆಚ್ಚಗಿನ, ಒಣ ಜಾಗ ಅಂದರೆ ಬಾನೆಟ್ಟಿನ ಒಳಗೆ. ಹಲ್ಲು ಸದಾ ಬೆಳೆಯುವುದರಿಂದ ಅದು ಕಡಿಯದೆ ಇರಲಾರದು. ಹೊಗೆಸೊಪ್ಪು, ನುಸಿಗುಳಿಗೆ ವಾಸನೆ ಇರುವವರೆಗೆ ಮಾತ್ರ. ಅದಕ್ಕಿಂತ ಕೆಲಸಕ್ಕೆ ಬರುವುದು ಹುಲ್ಲು, ಭತ್ತ, ಅಡಿಕೆ ಇಡುವ ಕೊಟ್ಟಿಗೆಯಿಂದ ದೂರ ನಿಲ್ಲಿಸುವುದು, ಎರಡು ದಿನಕ್ಕೊಮ್ಮೆಯಾದರೂ ಬಾನೆಟ್ ಎತ್ತುವುದು, ಏರ್ ಫಿಲ್ಟರ್ ಮತ್ತು ಕ್ಯಾಬಿನ್ ಗಾಳಿಯ ಬಾಯಿಗೆ ಸಣ್ಣ ಕಣ್ಣಿನ ಜಿಐ ಜಾಲರಿ ಕಟ್ಟುವುದು. ಕಡಿದದ್ದು ಕಂಡ ಕೂಡಲೇ ಇಡೀ ಹಾರ್ನೆಸ್ (ತಂತಿಗಳ ಕಟ್ಟು) ಬದಲಿಸಿ ಅನ್ನುವ ಮಾತಿಗೆ ಒಪ್ಪುವ ಮೊದಲು ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಒಂದೆರಡು ತಂತಿಯಾದರೆ ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗುವ ಸ್ಲೀವ್ ತೊಡಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಬರೀ ಟೇಪ್ ಸುತ್ತಿದರೆ ಮುಂದಿನ ಆರಿದ್ರಾ ಮಳೆಗೇ ಹಸಿರು ಹಿಡಿಯುತ್ತದೆ. ಏರ್‌ಬ್ಯಾಗಿನ ಹಳದಿ ಹೊದಿಕೆಯ ತಂತಿಗೆ ಮಾತ್ರ ಬೆಸುಗೆ ಬೇಡ, ಆ ಭಾಗ ಹೊಸದೇ ಹಾಕಿಸಬೇಕು.