ಬಣ್ಣದ ಗಟ್ಟಿಗೆ ಸಾಣೆ ಹಿಡಿದ ದಿನ

ಅಮೆರಿಕದ ಡೆಟ್ರಾಯಿಟ್ ಸುತ್ತಲಿನ ಕಾರು ಕಾರ್ಖಾನೆಗಳಲ್ಲಿ ಒಂದು ಕಾಲಕ್ಕೆ ಕಾರ್ಮಿಕರು ಸ್ಪ್ರೇ ಗನ್ ಹಿಡಿದು ಕೈಯಿಂದಲೇ ಬಣ್ಣ ಹೊಡೆಯುತ್ತಿದ್ದರು. ಗುರಿ ತಪ್ಪಿ ಹಾರಿದ ಬಣ್ಣ, ಕಾರುಗಳನ್ನು ಸಾಗಿಸುವ ಹಳಿ ಮತ್ತು ಚೌಕಟ್ಟುಗಳ ಮೇಲೆ ಕೂರುತ್ತಿತ್ತು. ಕಾರಿನ ಬಣ್ಣ ಗಟ್ಟಿಯಾಗಲೆಂದು ಕುಲುಮೆಯೊಳಗೆ ಕಳುಹಿಸಿದಾಗಲೆಲ್ಲ ಇದೂ ಬೇಯುತ್ತಿತ್ತು. ಹೀಗೆ ಪದರದ ಮೇಲೆ ಪದರ ಬೆಳೆದು ಕೆಲಸಕ್ಕೆ ಅಡ್ಡಿಯಾದಾಗ ಒಡೆದು ಎಸೆಯುತ್ತಿದ್ದರು. ಆ ಕಸದಲ್ಲಿ ಸೊಬಗು ಕಂಡ ಕೆಲವು ಕಾರ್ಮಿಕರು ತುಂಡುಗಳನ್ನು ಮನೆಗೆ ಒಯ್ದರು. ಅದೇ ಫೋರ್ಡೈಟ್. ಪಟ್ಟೆಪಟ್ಟೆಯ ಅಗೇಟ್ ಕಲ್ಲನ್ನು ಹೋಲುವುದರಿಂದ ಡೆಟ್ರಾಯಿಟ್ ಅಗೇಟ್ ಎಂದೂ ಕರೆಯುತ್ತಾರೆ.

ಅಂಥದೊಂದು ಗಟ್ಟಿ ನನ್ನ ಕೈಗೆ ಬಂದಾಗ ಹೊರಮೈಯೆಲ್ಲ ಬೂದು, ಒರಟು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಮುಖಗವಸು ಕಟ್ಟಿ, ಗರಗಸಕ್ಕೆ ಸತತವಾಗಿ ನೀರು ಬಿಟ್ಟುಕೊಂಡೇ ಕತ್ತರಿಸಿದೆ. ಇದರ ಒಣ ಧೂಳನ್ನು ಯಾರೂ ಉಸಿರಾಡಬಾರದು. ಮೊದಲ ಹೋಳು ಬಿದ್ದದ್ದೇ ತಡ, ಕಿತ್ತಳೆ, ಹಳದಿ, ನೀಲಿ ಗೆರೆಗೆರೆಯಾಗಿ ತೆರೆದುಕೊಂಡವು. ನಡುನಡುವೆ ಪ್ರೈಮರ್ ಎಂಬ ಅಡಿಬಣ್ಣದ ಬೂದು ಗೆರೆ. 1940ರ ದಶಕದ ತುಂಡುಗಳಲ್ಲಿ ಕಪ್ಪು, ಕಂದು ಹೆಚ್ಚು. ಇಷ್ಟು ಕಣ್ಣು ಕುಕ್ಕುವ ಬಣ್ಣಗಳು 1960, 70ರ ದಶಕದವೇ ಇರಬೇಕು ಎನಿಸಿತು. ಒಂದೊಂದು ಗೆರೆಯೂ ರಸ್ತೆಗಿಳಿದ ಯಾವುದೋ ಕಾರಿನ ಬಣ್ಣ, ಗನ್ ಹಿಡಿದ ಯಾರದೋ ಕೈಯ ದುಡಿಮೆ. ಅದನ್ನು ನೆನೆದಾಗ ಯಂತ್ರದ ಮುಂದೆ ನನ್ನ ಕೈ ತಾನಾಗಿಯೇ ನಿಧಾನವಾಯಿತು.

ನಿಧಾನ ಬೇಕೇ ಬೇಕು. ಪದರಗಳಿಗೆ ಅಡ್ಡಲಾಗಿ ಕೊಯ್ದರೆ ನೇರ ಪಟ್ಟೆ ಮಾತ್ರ ಸಿಗುತ್ತದೆ. ಓರೆಯಾಗಿ ಕೊಯ್ದರೆ ಅದೇ ಪಟ್ಟೆ ಅಗಲವಾಗುತ್ತದೆ. ಪದರಗಳು ಅಲೆಯಾಗಿ ಉಬ್ಬಿರುವ ಕಡೆ ಗುಮ್ಮಟದಂತೆ ಉಜ್ಜಿದರೆ ನೀರಿನಲ್ಲಿ ಏಳುವ ಉಂಗುರಗಳಂತೆ ಸುತ್ತುಗಳು ಮೂಡುತ್ತವೆ. ಉಜ್ಜುತ್ತಾ ಹೋದಂತೆ ಒಂದು ಬಣ್ಣ ಕರಗಿ ಅದರಡಿಯದು ಮೇಲೇಳುತ್ತದೆ. ಹೋದದ್ದು ಮತ್ತೆ ಬಾರದು. ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನವೇ ಈ ಕಲೆಯ ಅರ್ಧ ಎಂದು ನನ್ನ ನಂಬಿಕೆ. ನಡುವಿನ ನೀಲಿ ಕಣ್ಣಿನಂತೆ ತೆರೆದಲ್ಲಿ ನಾನು ನಿಲ್ಲಿಸಿದೆ. ಅದರ ಕೆಳಗೆ ಇನ್ನೇನಿತ್ತೋ ಎಂಬ ಆಸೆಯನ್ನು ಗಟ್ಟಿಮನಸ್ಸಿನಿಂದ ಬದಿಗಿಟ್ಟೆ.

ಅಲ್ಲಿಂದ ಮುಂದೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, ಒರಟಿನಿಂದ ನಯಕ್ಕೆ: 400, 600, 1200, ಕೊನೆಗೆ 3000. ಬಿಸಿಯೇರಿದರೆ ಬಣ್ಣ ಮೆತ್ತಗಾಗುವುದರಿಂದ ಮತ್ತೆ ಮತ್ತೆ ನೀರಿಗೆ ಅದ್ದಿದೆ. ಉಣ್ಣೆಯ ಬಟ್ಟೆಗೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ತಿಕ್ಕಿದಾಗ ಗಾಜಿನ ಹೊಳಪು ಬಂತು.

ಈಗ ಬಹುತೇಕ ಕಾರ್ಖಾನೆಗಳಲ್ಲಿ ವಿದ್ಯುದಾವೇಶದ ನೆರವಿನಿಂದ ಬಣ್ಣವನ್ನು ಕಾರಿನ ಮೈಗೇ ಸೆಳೆಯುತ್ತಾರೆ, ವ್ಯರ್ಥವಾಗುವುದು ಕಡಿಮೆ. ಅದು ಒಳ್ಳೆಯದೇ. ಆದರೆ ಆ ಹಳೆಯ ಬಗೆಯ ಗಟ್ಟಿ ಇನ್ನು ಹೊಸದಾಗಿ ಬೆಳೆಯುವುದು ಅಪರೂಪವಾದ್ದರಿಂದ ಚೂರನ್ನೂ ನಾನು ಬಿಸಾಡಲಿಲ್ಲ, ಅವು ಓಲೆಗಳಾಗಲಿವೆ. ದೊಡ್ಡ ಹರಳು ಪದಕಕ್ಕೆ. ಮೆದು ಹರಳು ಬೇಗ ಗೀರುಬೀಳುವುದರಿಂದ ಉಂಗುರದ ಯೋಚನೆ ಬಿಟ್ಟೆ. ಬೆಳ್ಳಿಯ ಬೆಸುಗೆಯನ್ನೆಲ್ಲ ಮುಗಿಸಿ, ಲೋಹ ಪೂರ್ತಿ ಆರಿದ ಮೇಲಷ್ಟೇ ಹರಳನ್ನು ಕೂರಿಸಿದೆ.