ಮೊಣಕೈವರೆಗೂ ತುಪ್ಪ

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯಿಂದ ಮದ್ರಾಸಿಗೆ ಹೊರಡುವವರು ಜಾಸ್ತಿ. ಚೆನ್ನೈ ಅನ್ನಬೇಕು, ಆದರೆ ನಮ್ಮ ಮನೆಯಲ್ಲಿ ಅದು ಇನ್ನೂ ಮದ್ರಾಸೇ. ಯಾವ ಸಂಗೀತ ಸಭೆಯಲ್ಲಿ ಯಾರ ಕಚೇರಿ, ಯಾವ ಕ್ಯಾಂಟೀನಿನಲ್ಲಿ ಏನು ತಿಂಡಿ ಅಂತ ಮೊದಲೇ ಬರೆದಿಟ್ಟುಕೊಂಡು ಹೋಗುತ್ತಾರೆ. ತಪ್ಪೇನಿಲ್ಲ ಬಿಡಿ. 1927ರಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಜೊತೆಗೇ ಒಂದು ಸಂಗೀತ ಸಮ್ಮೇಳನ ಆಯಿತು, ಅದರಿಂದ ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು, ಆಮೇಲೆ ಬೆಳೆದದ್ದೇ ಈಗಿನ ಸೀಸನ್. ನಮಗೂ ಅದರಲ್ಲಿ ಪಾಲಿದೆ. ಅಲ್ಲಿ ಪಾಠಕ್ಕೆ ಕೂತ ಪ್ರತಿ ಮಗುವೂ ಪುರಂದರದಾಸರು ಹಾಕಿಕೊಟ್ಟ ಸರಳೆ ವರಸೆಯಿಂದಲೇ ಶುರು ಮಾಡಬೇಕಲ್ಲ! ಆದರೆ ಇದೆಲ್ಲ ನಡೆಯುವುದು ಧನುರ್ಮಾಸದಲ್ಲಿ. ಸಂಜೆಯ ಕಚೇರಿ ನೆನಪಿಟ್ಟುಕೊಳ್ಳುವ ನಾವು ಬೆಳಗಿನ ಜಾವವನ್ನು ಮರೆತೇಬಿಡುತ್ತೇವೆ. ನಾನು ಈ ಸಲ ಹೋದದ್ದು ಬೆಳಗಿನ ಜಾವಕ್ಕೆ. ಮದ್ರಾಸಿನದೇ ಬಡಾವಣೆ ತಿರುವಲ್ಲಿಕೇಣಿಯ ಪಾರ್ಥಸಾರಥಿ ಸನ್ನಿಧಿಗೆ, ಕೂಡಾರೈ ದಿನ.

ಕೂಡಾರೈ ಅಂದರೆ ತಿರುಪ್ಪಾವೈಯ 27ನೇ ಪಾಶುರದ ದಿನ. ತಿರುಪ್ಪಾವೈ ಅಂದರೆ ಆಂಡಾಳ್ ಎಂಬ ಭಕ್ತೆ ತಮಿಳಿನಲ್ಲಿ ಹಾಡಿದ ಮೂವತ್ತು ಪದ್ಯ, ಒಂದೊಂದು ಪದ್ಯವೂ ಒಂದು ಪಾಶುರ. ಧನುರ್ಮಾಸದಲ್ಲಿ ದಿನಕ್ಕೊಂದರಂತೆ ಮೂವತ್ತು ಪಾಶುರ ಹೇಳುವವರಿಗೆ ಇದು ಗೊತ್ತೇ ಇರುತ್ತದೆ. ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಎರಡನೇ ಪಾಶುರದಲ್ಲಿ ಆಂಡಾಳ್ ತನ್ನ ಗೆಳತಿಯರ ಜೊತೆ ವ್ರತ ಹಿಡಿಯುತ್ತಾಳೆ. ತುಪ್ಪ ತಿನ್ನೋದಿಲ್ಲ, ಹಾಲು ಕುಡಿಯೋದಿಲ್ಲ, ಕಣ್ಣಿಗೆ ಕಾಡಿಗೆ ಇಲ್ಲ, ಮುಡಿಗೆ ಹೂವಿಲ್ಲ. 27ನೆಯದಕ್ಕೆ ಬರುವಾಗ ಎಲ್ಲವೂ ವಾಪಸ್ ಬರುತ್ತದೆ. ಬಳೆ, ತೋಳ್ಬಳೆ, ಓಲೆ, ಕಾಲ್ಗಡಗ, ಹೊಸ ಸೀರೆ. ಕೊನೆಗೆ ಹಾಲಲ್ಲಿ ಬೇಯಿಸಿದ ಅನ್ನ, ಅದು ಕಾಣದಷ್ಟು ತುಪ್ಪ, ತಿನ್ನುವಾಗ ಆ ತುಪ್ಪ ಮೊಣಕೈವರೆಗೆ ಇಳಿಯಬೇಕು.

ಈ ಮೊಣಕೈ ನನ್ನ ಪಾಟಿಗೆ ಬಹಳ ಮುಖ್ಯ. (ನಾವು ಮೈಸೂರು ಕಡೆಯ ಅಯ್ಯಂಗಾರರು ಅಜ್ಜಿಯನ್ನು ಪಾಟಿ ಅನ್ನುತ್ತೇವೆ. ನಮ್ಮ ತಮಿಳಿನಲ್ಲಿ ಕನ್ನಡವೇ ಮುಕ್ಕಾಲು, ಮದ್ರಾಸಿನವರು ಕೇಳಿ ನಗುತ್ತಾರೆ.) ಪಾಟಿ ಮೇಲುಕೋಟೆಯವಳು. ಧನುರ್ಮಾಸ ಪೂರ್ತಿ ತುಪ್ಪ ಮುಟ್ಟುತ್ತಿರಲಿಲ್ಲ. ಹಾಲು ಮಾತ್ರ ಬಿಡಲಿಲ್ಲ, ಕಾಫಿಗೆ ಬೇಕಲ್ಲ. ಯಾರಾದರೂ ಕೇಳಿದರೆ "ಆಂಡಾಳ್ ಕಾಲದಲ್ಲಿ ಕಾಫಿ ಇರಲಿಲ್ಲ, ಇದ್ದಿದ್ದರೆ ಅವಳೂ ಬಿಡುತ್ತಿರಲಿಲ್ಲ" ಅನ್ನುತ್ತಿದ್ದಳು. ಕೂಡಾರೈ ದಿನ ಮಾತ್ರ ಅಕ್ಕಾರವಡಿಸಲ್, ಅಂದರೆ ಹಾಲು ಬೆಲ್ಲ ತುಪ್ಪದ ಸಿಹಿ ಅನ್ನ, ಮಾಡಿ, ಬೀದಿಯ ಮಕ್ಕಳನ್ನೆಲ್ಲ ಜಾತಿಗೀತಿ ನೋಡದೆ ಕರೆದು ಸಾಲಾಗಿ ಕೂರಿಸಿ, ಮೇಲಿಂದ ಬಿಸಿ ತುಪ್ಪ ಸುರಿಯುತ್ತಿದ್ದಳು. ತಿಂದಾದ ಮೇಲೆ ಕೈ ಎತ್ತಿ ತೋರಿಸಬೇಕು. ತುಪ್ಪ ಮಣಿಕಟ್ಟಿನ ಹತ್ತಿರವೇ ನಿಂತಿದ್ದರೆ "ಇನ್ನೂ ಇಳಿದಿಲ್ಲ" ಅಂತ ಇನ್ನೊಂದು ಸೌಟು. ತುಪ್ಪ ಚರ್ಮದ ಮೇಲೆ ಬೆಚ್ಚಗೆ ಹರಿದು ಮೊಣಕೈ ತುದಿಯಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತಿತ್ತಲ್ಲ, ಆ ಅನುಭವ ನನಗೆ ಇವತ್ತಿಗೂ ಹಾಗೇ ಇದೆ. ಮಿಕ್ಕ ಹಬ್ಬಗಳೆಲ್ಲ ನೆನಪಲ್ಲಿ ಒಂದರೊಳಗೊಂದು ಕಲಸಿಹೋಗಿವೆ. ಇದೊಂದು ಕಲಸಿಲ್ಲ.

ತಿರುವಲ್ಲಿಕೇಣಿಗೇ ಯಾಕೆ ಹೋದೆ ಅಂದರೆ, ನಮ್ಮ ರಾಮಾನುಜರ ಕಥೆ ಶುರುವಾಗುವುದೇ ಅಲ್ಲಿ. ಅವರ ತಂದೆ ಕೇಶವ ಸೋಮಯಾಜಿಗಳು ಮಕ್ಕಳಿಲ್ಲ ಅಂತ ಇಲ್ಲಿ ಯಜ್ಞ ಮಾಡಿದರು, ಪಾರ್ಥಸಾರಥಿಯ ವರದಿಂದಲೇ ರಾಮಾನುಜರು ಹುಟ್ಟಿದರು ಅನ್ನುತ್ತಾರೆ ಹಿರಿಯರು. ಮುಂದೆ ಅವರು ಮೇಲುಕೋಟೆಗೆ ಬಂದು ಚೆಲುವನಾರಾಯಣನನ್ನು ನಮಗೆ ಕೊಟ್ಟದ್ದು ನಿಮಗೆಲ್ಲ ಗೊತ್ತು. ಆಂಡಾಳಿಗೂ ಅವರಿಗೂ ಇರುವ ನಂಟು ಇನ್ನೂ ಚಂದ. ಮದುರೆ ಹತ್ತಿರದ ತಿರುಮಾಲಿರುಂಜೋಲೆಯ ದೇವರಿಗೆ ನೂರು ಕೊಪ್ಪರಿಗೆ ಬೆಣ್ಣೆ, ನೂರು ಕೊಪ್ಪರಿಗೆ ಅಕ್ಕಾರವಡಿಸಲ್ ಅಂತ ಆಂಡಾಳ್ ಹರಕೆ ಹೇಳಿಕೊಂಡಿದ್ದಳು. ಅದು ಹಾಗೇ ಉಳಿದಿತ್ತು. ಎಷ್ಟೋ ಕಾಲದ ಮೇಲೆ ರಾಮಾನುಜರು ಹೋಗಿ ಅದನ್ನು ತೀರಿಸಿ ಅವಳ ಊರು ಶ್ರೀವಿಲ್ಲಿಪುತ್ತೂರಿಗೆ ಬಂದರೆ, ಆಂಡಾಳ್ "ಬನ್ನಿ ಅಣ್ಣ" ಅಂದಳಂತೆ. ಬೇರೆಯವರ ಹರಕೆ ತೀರಿಸಿದ್ದಕ್ಕೆ ಅಣ್ಣನಾದರು ನೋಡಿ.

ದೇವಸ್ಥಾನದಲ್ಲಿ ಜನವೋ ಜನ. ಮೂಲಮೂರ್ತಿ ವೆಂಕಟಕೃಷ್ಣ ಆಳೆತ್ತರಕ್ಕೂ ಮೀರಿ ನಿಂತಿದ್ದಾನೆ. ಒಬ್ಬನೇ ಅಲ್ಲ. ರುಕ್ಮಿಣಿ, ಬಲರಾಮ, ಸಾತ್ಯಕಿ, ಮಗ ಪ್ರದ್ಯುಮ್ನ, ಮೊಮ್ಮಗ ಅನಿರುದ್ಧ, ಇಡೀ ಸಂಸಾರವೇ ಜೊತೆಗಿದೆ. ಕೈಯಲ್ಲಿ ಶಂಖ ಉಂಟು, ಚಕ್ರ ಇಲ್ಲ. ಯುದ್ಧದಲ್ಲಿ ಆಯುಧ ಹಿಡಿಯೋದಿಲ್ಲ ಅಂತ ಮಾತು ಕೊಟ್ಟಿದ್ದನಲ್ಲ. ಉತ್ಸವಮೂರ್ತಿ ಪಾರ್ಥಸಾರಥಿಯ ಮುಖದ ಮೇಲೆ ಭೀಷ್ಮರ ಬಾಣದ ಗಾಯದ ಗುರುತು. ನಮ್ಮ ಮೇಲುಕೋಟೆಯ ಚೆಲುವರಾಯನನ್ನು ನೋಡಿ ಬೆಳೆದ ಕಣ್ಣಿಗೆ ಮುಖದ ತುಂಬ ಕಲೆ ಇರುವ ದೇವರು ಮೊದಲು ಒಂಥರಾ ಅನ್ನಿಸಿತು. ಎರಡು ನಿಮಿಷ ನಿಂತ ಮೇಲೆ ಬೇರೆ ಮುಖವೇ ಬೇಡ ಅನ್ನಿಸಿತು. ಗೆಳೆಯನ ಗಾಡಿ ಹೊಡೆಯಲು ಹೋಗಿ ಪೆಟ್ಟು ತಿಂದವನು. ಅಲಂಕಾರದಲ್ಲೂ ಅದನ್ನು ಮುಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ಗೋಷ್ಠಿ ಶುರುವಾಯಿತು. ಎರಡು ಸಾಲಿನಲ್ಲಿ ಕೂತ ಹಿರಿಯರು ತಿರುಪ್ಪಾವೈ ಹೇಳುತ್ತಾ ಬಂದರು. ರಾಗವಿಲ್ಲ, ಆಲಾಪನೆಯಿಲ್ಲ. ಒಂದೇ ಏರಿಳಿತ, ಒಂದೇ ಓಟ. ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ ಮೂವತ್ತು ಪಾಶುರಕ್ಕೂ ರಾಗ ಹಾಕಿದ್ದಾರೆ. ಮೊದಲನೆಯದು ನಾಟ, ಈ 27ನೆಯದು ಪೂರ್ವಿಕಲ್ಯಾಣಿ. ಕಚೇರಿಗಳಲ್ಲಿ ಹಾಡುವುದು ಅದನ್ನೇ. ನಾನೂ ಅದನ್ನು ಕೇಳಿಯೇ ದೊಡ್ಡವಳಾದೆ. ಪಾಟಿ ಹೇಳುತ್ತಿದ್ದ ಪಾಶುರ ಆಗ ಬೋರು ಅನ್ನಿಸುತ್ತಿತ್ತು. ಕನ್ನಡ ಅಕ್ಷರದಲ್ಲಿ ಅಚ್ಚಾದ ಹಳೇ ಪುಸ್ತಕ ಹಿಡಿದು, ಮಜ್ಜಿಗೆ ಕಡೆಯುತ್ತಾ, ಒಂದೇ ದನಿಯಲ್ಲಿ ಹೇಳುತ್ತಿದ್ದಳು. ಪಾಟಿಗೆ ಸಂಗೀತ ಬರೋದಿಲ್ಲ ಅಂತ ನಾವು ಮಕ್ಕಳು ತೀರ್ಮಾನ ಮಾಡಿಬಿಟ್ಟಿದ್ದೆವು. ಇಲ್ಲಿ ಕೇಳಿದೆ ನೋಡಿ, ಅದೇ ಏರು, ಅದೇ ಇಳಿತ, ಸಾಲಿನ ಕೊನೆಗೆ ಅದೇ ಎಳೆತ. ಪಾಟಿ ಬೇಸುರು ಹಾಡುತ್ತಿರಲಿಲ್ಲ. ಗೋಷ್ಠಿಯನ್ನೇ ಹೇಳುತ್ತಿದ್ದಳು, ಅಡುಗೆಮನೆಯಲ್ಲಿ ಒಬ್ಬಳೇ ಕೂತು! ಹೆಂಗಸರಿಗೆ ಆ ಸಾಲಿನಲ್ಲಿ ಜಾಗವಿಲ್ಲ, ಹಾಡು ಬರೆದವಳು ಮಾತ್ರ ಹುಡುಗಿ. ಇದರ ಬಗ್ಗೆ ನನ್ನ ತಕರಾರು ಇದೆ, ಅದು ಇರಲಿ.

ಪ್ರಸಾದದ ಹೊತ್ತಿಗೆ ನೂಕಾಟ. ನನಗೆ ದೊನ್ನೆ ಸಿಗಲಿಲ್ಲ. ಪಕ್ಕದಲ್ಲಿದ್ದ ಮಾಮಿಯೊಬ್ಬರು, ಗುರುತಿಲ್ಲ ಪರಿಚಯವಿಲ್ಲ, ತಮ್ಮದರಲ್ಲಿ ಅರ್ಧ ನನ್ನ ಅಂಗೈಗೆ ಹಾಕಿದರು. ಬಿಸಿ, ಬೆಲ್ಲ, ಪಚ್ಚಕರ್ಪೂರದ ವಾಸನೆ. ತುಪ್ಪ ಬೆರಳ ಸಂದಿಯಿಂದ ಜಾರಿ ಮಣಿಕಟ್ಟು ದಾಟಿ ಕೆಳಗೆ ಹೋಯಿತು. ನಾನು ಕೈ ಎತ್ತಿದೆ, ಅಭ್ಯಾಸ. ಮಾಮಿ ನಕ್ಕು ತಮ್ಮ ಮೊಣಕೈಯನ್ನೂ ತೋರಿಸಿದರು. ಅಲ್ಲಿಗೆ ನನಗೆ ಅಳು ತಡೆಯಲಾಗಲಿಲ್ಲ. ಅವರು ಏನೂ ಕೇಳಲಿಲ್ಲ, ಸುಮ್ನೆ ಬೆನ್ನು ಸವರಿದರು.

ತುಪ್ಪದ ಸಾಲಿನ ಮುಂದೆಯೇ ಆಂಡಾಳ್ ಇನ್ನೊಂದು ಮಾತು ಹೇಳುತ್ತಾಳೆ, ಎಲ್ಲರೂ ಕೂಡಿ ಕೂತು ತಂಪಾಗೋಣ ಅಂತ. ವ್ರತ ಮುಗಿಯುವುದು ತುಪ್ಪ ತಿಂದಾಗ ಅಲ್ಲ, ಜೊತೆಯಲ್ಲಿ ತಿಂದಾಗ ಅಂತ ನನಗೆ ಈಗ ಅನ್ನಿಸುತ್ತದೆ. ನಾವೋ, ಉಪವಾಸವನ್ನೂ ಒಬ್ಬೊಬ್ಬರೇ ಮಾಡುತ್ತೇವೆ, ಹಬ್ಬದ ಊಟವನ್ನೂ ಒಬ್ಬೊಬ್ಬರೇ. ಅಕ್ಕಾರವಡಿಸಲ್ ಈಗ ಡಬ್ಬಿಯಲ್ಲಿ ಮನೆಬಾಗಿಲಿಗೆ ಬರುತ್ತದೆ, ಚಮಚದ ಸಮೇತ. ಚಮಚದಲ್ಲಿ ತಿಂದರೆ ತುಪ್ಪ ಎಲ್ಲಿ ಇಳಿಯಬೇಕು? ಸನ್ನಿಧಿಯಲ್ಲೂ ಅರ್ಧ ಜನದ ಕೈ ಮೇಲೆದ್ದಿತ್ತು, ಆದರೆ ಮುಗಿಯೋದಕ್ಕಲ್ಲ, ಮೊಬೈಲಿಗೆ. ಗದರಬೇಕು ಅಂತಲ್ಲ, ಪಾಟಿ ಇದ್ದಿದ್ದರೆ ಗದರುತ್ತಿದ್ದಳು, ಅಷ್ಟೇ.

ಅವತ್ತು ಸಂಜೆ ಕಚೇರಿಗೂ ಹೋದೆ. ಗಾಯಕಿ ತುಂಬ ಚೆನ್ನಾಗಿ ಹಾಡಿದರು, 27ನೇ ಪಾಶುರವೂ ಬಂತು, ಪೂರ್ವಿಕಲ್ಯಾಣಿ ಹಾಯಾಗಿತ್ತು. ಆದರೂ ನನ್ನ ಬಾಯಲ್ಲಿ ಮೆಲ್ಲಗೆ ಓಡುತ್ತಿದ್ದದ್ದು ಬೆಳಗಿನ ಗೋಷ್ಠಿಯ ಓಟವೇ. ಪಕ್ಕದ ಕುರ್ಚಿಯವರು ಒಮ್ಮೆ ತಿರುಗಿ ನೋಡಿದರು.

ಹೋಗಬೇಕು ಅನ್ನುವವರಿಗೆ ಒಂದು ಮಾತು. ಕೂಡಾರೈ ಸಾಮಾನ್ಯವಾಗಿ ಜನವರಿ 11ರ ಹೊತ್ತಿಗೆ ಬೀಳುತ್ತದೆ. ಆಗ ಕಚೇರಿಗಳ ಗದ್ದಲ ಸ್ವಲ್ಪ ಕಡಿಮೆಯಾಗಿರುತ್ತದೆ, ದೇವಸ್ಥಾನದ್ದು ಕಡಿಮೆಯಾಗಿರುವುದಿಲ್ಲ. ಹೋಗಲು ಆಗದಿದ್ದರೆ ಮನೆಯಲ್ಲೇ ಮಾಡಿ, ಪಕ್ಕದ ಮನೆಯವರನ್ನು ಕರೆಯಿರಿ. ತುಪ್ಪ ಮಾತ್ರ ಲೆಕ್ಕ ಹಾಕಬೇಡಿ.