ಒತ್ತಡ ಏರಿಸಿದರೆ ನೀರು ಕಡಿಮೆ: ಇಂಜೆಕ್ಟರ್ ಪ್ಲೇಟಿನ ಹಠ ಮುರಿಯಿತು

ಕೊನೆಗೂ ಕಾರಣ ಸಿಕ್ಕಿತು! ರಾಕೆಟ್ ಎಂಜಿನ್ನಿನೊಳಗೆ ಇಂಧನವನ್ನು ಧಾರೆಯಾಗಿ ಚಿಮ್ಮಿಸುವ ಈ ತೂತುಗಳ ಪ್ಲೇಟ್ ಈಗ ಎಂಟು ಬಾರ್‌ವರೆಗೂ ಒಂದೇ ಸಮ ಹರಿಯುತ್ತಿದೆ.

ಹಿತ್ತಾಳೆ ಪ್ಲೇಟ್, 1 ಮಿ.ಮೀ. ತೂತು, 4 ಮಿ.ಮೀ. ಉದ್ದ. 60 ಡಿಗ್ರಿಯಲ್ಲಿ ಡಿಕ್ಕಿ ಹೊಡೆಯುವ ಜೋಡಿ ಧಾರೆಗಳು. ಸದ್ಯಕ್ಕೆ ಬರೀ ನೀರಿನ ಪರೀಕ್ಷೆ.

ಎರಡು ಬಾರ್‌ನಲ್ಲಿ ಡಿಸ್ಚಾರ್ಜ್ ಕೋಎಫಿಶಿಯೆಂಟ್ (ಲೆಕ್ಕದ ಪ್ರಕಾರ ಹರಿಯಬೇಕಾದ ನೀರಿನಲ್ಲಿ ನಿಜಕ್ಕೂ ಹರಿಯುವ ಪಾಲು) 0.76 ಇತ್ತು. ಆಮೇಲೆ ನಿಧಾನವಾಗಿ ಇಳಿದು, ಐದು ಬಾರ್ ಹತ್ತಿರ ಕೆಲವು ತೂತುಗಳಲ್ಲಿ ತಟ್ಟನೆ 0.62ಕ್ಕೆ ಬೀಳುತ್ತಿತ್ತು. ಒತ್ತಡ ಜಾಸ್ತಿ, ನೀರು ಕಡಿಮೆ! ಒರಟಾಗಿದ್ದ ಧಾರೆ ಗಾಜಿನ ಕಡ್ಡಿಯ ಹಾಗೆ ತೆಳ್ಳಗೆ, ನಯವಾಗಿ ಬರುತ್ತಿತ್ತು. ಅದರ ಜೋಡಿ ಮಾತ್ರ ಮೊದಲಿನಂತೆಯೇ. ಸ್ಪ್ರೇ ಪೂರ್ತಿ ಒಂದು ಪಕ್ಕಕ್ಕೆ ವಾಲುತ್ತಿತ್ತು. ರೆಗ್ಯುಲೇಟರ್ ಬದಲಿಸಿದರೂ, ಫಿಲ್ಟರ್ ತೊಳೆದರೂ ಅದೇ ಕಥೆ.

ಇದು ಹೈಡ್ರಾಲಿಕ್ ಫ್ಲಿಪ್. ತೂತಿನ ಒಳಬಾಯಿ ಚೂಪಾಗಿದ್ದರೆ ನೀರು ಅಲ್ಲಿ ತಿರುಗಲಾರದೆ ಗೋಡೆ ಬಿಡುತ್ತದೆ. ಆ ಜಾಗದಲ್ಲಿ ಒತ್ತಡ ಕುಸಿದು ಆವಿಯ ಗುಳ್ಳೆ ಕಟ್ಟುತ್ತದೆ. ಒತ್ತಡ ಏರಿದಂತೆ ಗುಳ್ಳೆ ಉದ್ದವಾಗಿ ಹೊರಬಾಯಿ ತಲುಪುತ್ತದೆ. ಆಗ ಹೊರಗಿನ ಗಾಳಿ ಒಳನುಗ್ಗುತ್ತದೆ, ಧಾರೆ ಗೋಡೆಯನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ಕೆಲವೇ ತೂತುಗಳು ಯಾಕೆ? ಭೂತಗನ್ನಡಿ ಹಿಡಿದು ನೋಡಿದೆ. ಅವುಗಳ ಒಳಬಾಯಲ್ಲೇ ಬರ್, ಅಂದರೆ ಕೊರೆದಾಗ ಉಳಿಯುವ ಲೋಹದ ಚೂಪು ಅಂಚು, ಎದ್ದಿತ್ತು. ಗಟ್ಟಿಯಾದ ಕಾರ್ಬೈಡ್ ಅಂತ ದುಡ್ಡು ತಗೊಂಡು ಕೊಟ್ಟ ಡ್ರಿಲ್ ಬಿಟ್‌ಗಳು ಬೇಗ ಮೊಂಡಾದವು. ಒಂದೇ ಪ್ಯಾಕೆಟ್‌ನಲ್ಲಿ ಮೂರು ಥರದ ತುದಿ! ಇಂಥ ವ್ಯಾಪಾರ ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಬಿದಿರು ಕಡ್ಡಿಯ ತುದಿ ಚೂಪು ಮಾಡಿ, ಲ್ಯಾಪಿಂಗ್ ಪೇಸ್ಟ್ (ಲೋಹ ಉಜ್ಜಿ ನಯ ಮಾಡುವ ಪೇಸ್ಟ್) ಹಚ್ಚಿ, ಒಂದೊಂದೇ ಒಳಬಾಯಿಯನ್ನು ದುಂಡಗೆ ತಿಕ್ಕಿದೆ. ಈಗ 0.86. ಸ್ಪ್ರೇ ನೆಟ್ಟಗೆ ನಿಂತಿದೆ. ನೋಡೋಕೆ ಎಷ್ಟು ಚೆಂದ!

ಒಂದು ಮಾತು. ಉರಿಯುವ ಚೇಂಬರ್‌ನಲ್ಲಿ 20 ಬಾರ್ ಎದುರೊತ್ತಡ ಇದ್ದರೆ ಈ ಗುಳ್ಳೆ ಹುಟ್ಟುವುದೇ ಕಷ್ಟ. ಹಾಗಂತ ಸುಮ್ನೆ ಬಿಡುವಂತಿಲ್ಲ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಆ ಎದುರೊತ್ತಡ ಇನ್ನೂ ಹುಟ್ಟಿರುವುದಿಲ್ಲ, ಅಲ್ವಾ? ಮಿಶ್ರಣ ಕೆಡಬಾರದ ಹೊತ್ತೇ ಅದು.

ಈ ನಡುವೆ ತಲೆಯಲ್ಲಿ ಪಿಂಟಲ್ ಹೊಕ್ಕಿದೆ: ಹಲವು ತೂತುಗಳ ಬದಲು ನಡುವೆ ಒಂದು ಗೂಟ, ಅದರ ಸುತ್ತ ಉಂಗುರದಂಥ ಸಂದು ಇರುವ ಇಂಜೆಕ್ಟರ್. ಅಪೊಲೊ ಚಂದ್ರನೌಕೆಯನ್ನು ಇಳಿಸಿದ ಟಿಆರ್‌ಡಬ್ಲ್ಯು ಎಂಜಿನ್‌ನಲ್ಲಿ ನಡುವೆ ಒಂದೇ ಪಿಂಟಲ್. ಅದರ ಚಲಿಸುವ ಹೊರಕೊಳವೆಯನ್ನೂ (ಸ್ಲೀವ್) ಅದಕ್ಕೆ ಜೋಡಿಸಿದ ಹರಿವಿನ ವಾಲ್ವ್ ಗಳನ್ನೂ ಒಟ್ಟಿಗೆ ಸರಿಸಿ ನೂಕುಬಲವನ್ನು ಸುಮಾರು ಹತ್ತರಲ್ಲೊಂದು ಭಾಗಕ್ಕೆ ಇಳಿಸುತ್ತಿದ್ದರು. ಸ್ಕೆಚ್ ಶುರು ಮಾಡಿದ್ದೇನೆ. ಉಂಗುರದ ಸಂದು ಸುತ್ತಲೂ ಒಂದೇ ಅಗಲ ಇರಬೇಕು, ಅದಕ್ಕೆ ಒಳ್ಳೆಯ ಲೇತ್‌ನವರು ಬೇಕು.

ಮೊದಲು ಈ ಪ್ಲೇಟ್ ಮುಗಿಯಲಿ. ಹರಿವು ಜಾಸ್ತಿಯಾಗಿರುವುದರಿಂದ ಮುಂದಿನದಕ್ಕೆ 0.95 ಮಿ.ಮೀ. ತೂತು ಸಾಕು. ಆ ಸೈಜಿನ ಬಿಟ್ ಮಾತ್ರ ಯಾವ ಅಂಗಡಿಯಲ್ಲೂ ಸ್ಟಾಕ್ ಇಲ್ಲ.